ನೂರಕ್ಕೆ ಎರಡು

ಮನಿಲಾ. ನಾಲ್ಕನೇ ಮಹಡಿ. ವಿಚಾರಣೆಯ ಕೋಣೆ.
ಆಡಿದ್ದನ್ನು ಬೆರಳಚ್ಚಿಸುವುದು ನನ್ನ ಕೆಲಸ, ಅಷ್ಟೇ.
ಕೆಮ್ಮು ಬರೆಯುವಂತಿಲ್ಲ. ಅತ್ತರೆ
‘ಸಾಕ್ಷಿ ತುಸು ಹೊತ್ತು ಸುಮ್ಮನಿದ್ದರು’ ಅನ್ನಬೇಕು.

ಕಂಪನಿಯ ಕುರ್ಚಿ ಖಾಲಿ. ಆದರೂ ಅದರ ಮುಂದೆ
ಹೆಸರಿನ ಫಲಕ, ನೀರಿನ ಬಾಟಲಿ,
ಬಾರದ ನೆಂಟನಿಗೆ ಎಲೆ ಹಾಕಿಟ್ಟ ಹಾಗೆ.
ಎಸಿಯ ಚಳಿಯಲ್ಲೂ ಬಾಟಲಿ ಬೆವರುತ್ತಿತ್ತು.
ಬಂದದ್ದು ಒಂದು ಕಾಗದ:
“ಲೋಕದ ಹೊಗೆಯಲ್ಲಿ ನಮ್ಮ ಪಾಲು ನೂರಕ್ಕೆ ಎರಡು.
ಗಾಳಿಗೆ ಗಡಿಯಿಲ್ಲ, ಬಿರುಗಾಳಿಗೆ ನಾವು ಹೊಣೆಯಲ್ಲ.”

ಎಪಿಫಾನಿಯಾ ದಾಕುನೊ, ಸಮಾರ್ ದ್ವೀಪ, ಮೀನು ಮಾರುವವಳು,
ದುಭಾಷಿಯ ಕಡೆ ತಿರುಗಿ
“ಎರಡಾ?” ಅಂದಳು.
ಕೋಪವಿರಲಿಲ್ಲ. ತೂಕ ಖಾತ್ರಿ ಮಾಡಿಕೊಳ್ಳುವ ದನಿ.

“ಸಂತೆಯಲ್ಲಿ ಏಳು ಜನ ಸೇರಿ
ಒಂದು ಮಂಜುಗಡ್ಡೆ ಕೊಳ್ಳುತ್ತೇವೆ.
ಕರಗಿದ ಮೇಲೆ ಯಾರೂ
ನನ್ನದು ಏಳರಲ್ಲಿ ಒಂದು, ಹಾಗಾಗಿ ಸೊನ್ನೆ, ಅನ್ನುವುದಿಲ್ಲ.
ಒಂದಕ್ಕೆ ಒಂದರ ದುಡ್ಡು ಇಡುತ್ತಾರೆ.
ಉಳಿದ ತೊಂಬತ್ತೆಂಟು ಇದೆಯಲ್ಲ,
ಆ ಮನೆಗಳ ಬಾಗಿಲಿಗೂ ಹೋಗುತ್ತೇನೆ.
ಇವತ್ತು ಇವರ ಎರಡು.”

ಬೆರಳು ಮಡಿಸತೊಡಗಿದಳು.
ಮನೆ: ಇಪ್ಪತ್ತೈದು ತಗಡು. ಅದರಲ್ಲಿ ಅರ್ಧ ತಗಡು.
ದೋಣಿ ಗಂಡನ ಅಣ್ಣನದು, ಅವನೇ ಬಂದು ಕೇಳಲಿ.
ಬಲೆ ಹಳೆಯದು, ಬಿಟ್ಟೆ.
“ಮಗ ಜೋನ್ರೆಲ್. ಆರು ವರ್ಷ ನಾಲ್ಕು ತಿಂಗಳು.
ಎಪ್ಪತ್ತಾರು ತಿಂಗಳಾಯಿತು. ನೂರಕ್ಕೆ ಎರಡರಂತೆ...”

ಯಾರೋ ಕ್ಯಾಲ್ಕ್ಯುಲೇಟರ್ ಚಾಚಿದರು. ಅವಳು ನೋಡಲಿಲ್ಲ.

“ಒಂದೂವರೆ ತಿಂಗಳು.
ಅಷ್ಟೇ ಕೊಡಲಿ. ಯಾವುದೆಂದು ನಾನೇ ಆರಿಸುತ್ತೇನೆ:
ಮುಂದಿನ ಹಲ್ಲು ಬಿದ್ದ ದಿನದಿಂದ
ಹೊಸದು ವಸಡಿನಲ್ಲಿ ಬೆಳ್ಳಗೆ ಕಂಡ ದಿನದವರೆಗೆ.
ಆಗ ಅವನು ಮಾತಾಡಿದರೆ
ನಡುನಡುವೆ ಸಿಳ್ಳೆ ಬರುತ್ತಿತ್ತು.”

ದುಭಾಷಿ ಸಿಳ್ಳೆಯ ತನಕ ಬಂದು ನಿಂತುಬಿಟ್ಟ.
ಆಯೋಗದ ಹಿರಿಯಳು ಕನ್ನಡಕ ತೆಗೆದು
ಒರೆಸಿದ್ದನ್ನೇ ಒರೆಸಿದಳು.
‘ಸಾಕ್ಷಿ ತುಸು ಹೊತ್ತು ಸುಮ್ಮನಿದ್ದರು’ ಎಂದು ಬರೆಯಹೋದೆ.
ಸಾಕ್ಷಿ ಸುಮ್ಮನಿರಲಿಲ್ಲ, ನಾವಿದ್ದೆವು.
ಅದಕ್ಕೆ ನಮೂನೆಯಲ್ಲಿ ವಾಕ್ಯವಿಲ್ಲ.

‘ಕೋರಿದ ಪರಿಹಾರ: ಅರ್ಧ ತಗಡು, ಒಂದೂವರೆ ತಿಂಗಳು.’
ಗುಮಾಸ್ತ ನನ್ನ ಹೆಗಲ ಮೇಲಿಂದ ಬಗ್ಗಿ ಕೇಳಿದ:
ತಿಂಗಳೆಂದರೆ ಯಾವುದು, ಸಂಬಳವೋ, ಬಾಡಿಗೆಯೋ?

ಅವಳನ್ನೇ ಕೇಳೋಣವೆಂದರೆ ಆಗಲೇ ಎದ್ದಿದ್ದಳು,
ಚೀಲ ಕಂಕುಳಿಗೇರಿಸಿ.
ರಾತ್ರಿ ಬಸ್ಸು, ಆಮೇಲೆ ಹಡಗು, ನಾಡಿದ್ದು ಸಂತೆ.
ಮಂಜುಗಡ್ಡೆಗೆ
ಅವಳ ಪಾಲು ಕೊಡುವುದಿತ್ತು.