ಮುಖ ತಿರುಗಿಸುವ ಕೆಲಸ

ನನ್ನ ಕೆಲಸಕ್ಕೆ ಕನ್ನಡದಲ್ಲಿ ಹೆಸರಿಲ್ಲ.
ಬೆಳಿಗ್ಗೆ ಆರಕ್ಕೆ ರೂವಿಯ ಸೂಪರ್‌ಮಾರ್ಕೆಟ್ಟಿಗೆ ಹಿಂಬಾಗಿಲಿಂದ ನುಗ್ಗಿ
ನಮ್ಮ ಕಂಪನಿಯ ಚಹಾ ಪೊಟ್ಟಣಗಳು
ಸೊಟ್ಟಗೆ ನಿಂತಿದ್ದರೆ, ಬೆನ್ನು ತೋರಿಸಿದ್ದರೆ,
ಒಂದೊಂದರದೇ ಮುಖ ಗಿರಾಕಿಯತ್ತ ತಿರುಗಿಸುವುದು.
ಅಷ್ಟಕ್ಕೆ ಸಂಬಳ ಕೊಡ್ತಾರಾ ಅಂತ ತಂಗಿ ನಗುತ್ತಾಳೆ.
ಕೊಡ್ತಾರೆ. ನೂರ ನಲವತ್ತು ರಿಯಾಲು,
ಮೇಲೆ ಪೆಟ್ಟಿಗೆಗಿಷ್ಟು ಬೈಸ.

ಹೋದ ತಿಂಗಳು ಇಂಡಿಯಾದಲ್ಲಿ ಒಂದು ಜಾಹೀರಾತು ಬಂತು.
ನಲವತ್ತು ಸೆಕೆಂಡಿನ ಕತೆ:
ಮನೆ ಬಾಡಿಗೆಗಿದೆ ಎಂಬ ಬೋರ್ಡು, ಬಾಗಿಲಲ್ಲಿ ಹೊಸ ಜೋಡಿ.
ಯಜಮಾನ ಹೆಸರು ಕೇಳುತ್ತಾನೆ. ಹೇಳುತ್ತಾರೆ.
ಅವನ ಮುಖ ಸಣ್ಣದಾಗುತ್ತದೆ.
ಅಷ್ಟರಲ್ಲಿ ಒಳಗಿಂದ ಹೆಂಡತಿ ನಾಲ್ಕು ಲೋಟ ಚಹಾ ತರುತ್ತಾಳೆ,
ತಟ್ಟೆಯಲ್ಲಿ ಲೋಟದ ಪಕ್ಕ ಬೀಗದ ಕೈ.
ಆಮೇಲೆ ನಮ್ಮ ಹಸಿರು ಪೊಟ್ಟಣ, ಉಗಿ, ಕೊಳಲು.

ನಮ್ಮವರನ್ನು ಕೆಟ್ಟವರು ಅಂತ ತೋರಿಸಿದರು ಎಂದು
ಅರ್ಧ ದೇಶ ಚಹಾವನ್ನು ಚರಂಡಿಗೆ ಸುರಿದು ವಿಡಿಯೋ ಮಾಡಿತು.
ಕಂಪನಿ ಹೆದರಿ, ಜಾಹೀರಾತು ತೆಗೆದು, ಕ್ಷಮೆ ಕೇಳಿತು.
ಕ್ಷಮೆ ಯಾಕೆ ಕೇಳಿದಿರಿ ಎಂದು
ಉಳಿದರ್ಧ ಸುರಿಯಿತು.

ಅರಬ್ಬಿ ಸಮುದ್ರ ದಾಟಲು ಸಿಟ್ಟಿಗೆ ವೀಸಾ ಬೇಡ.

ಗುರುವಾರ ಸಂಜೆ, ಸಂಬಳದ ವಾರ, ತುಂಬಿದ ಟ್ರಾಲಿಗಳು
ನನ್ನ ಸಾಲಿನೆದುರು ತುಸು ನಿಧಾನಿಸಿ
ಮುಂದಕ್ಕೆ ಉರುಳಿದವು.
ನಾನು ಪೊಟ್ಟಣಗಳ ಮುಖ ಇತ್ತ ತಿರುಗಿಸುತ್ತೇನೆ,
ಅವರು ತಮ್ಮ ಮುಖ ಅತ್ತ ತಿರುಗಿಸುತ್ತಾರೆ.
ಇಬ್ಬರದೂ ಒಂದೇ ಕೆಲಸ; ಸಂಬಳ ನನಗೆ ಮಾತ್ರ.
ಮ್ಯಾನೇಜರ್ ಪೌಲೋಸ್ ಬಂದು ಕೆಳಗಿನ ಹಲಗೆಗೆ ಇಳಿಸು ಎಂದ,
ಬೂಟ್ ಪಾಲಿಶಿನ ಪಕ್ಕ. ಇಳಿಸಿದೆ.
ಮಂಡಿಯೂರಿ ತಿರುಗಿಸುವುದು ಕಷ್ಟ.
ನಿಝ್ವಾದ ಮುದುಕ ಖಲ್ಫಾನ್ ಒಬ್ಬನೇ
ಹಸಿರು ಪೊಟ್ಟಣ ಎಲ್ಲೆಂದು ಹುಡುಕಿ, ಬಗ್ಗಿ, ಎರಡು ಕೊಂಡ.
ಏನಾಯಿತು ಎಂದು ಕೇಳಿದ. ಹೇಗೆ ಹೇಳುವುದು?
ಮನೆ, ಬಾಡಿಗೆ, ಹೆಸರು ಎಂದೆ, ನನ್ನ ಮುರುಕು ಅರಬ್ಬಿಯಲ್ಲಿ.
ಪಾಪ, ನಿನಗೆ ಮನೆ ಸಿಗಲಿಲ್ಲವೇ ಎಂದು ಮರುಗಿದ.

ನಮ್ಮ ಕೋಣೆಯಲ್ಲಿ ನಾಲ್ಕು ಮಂಚ, ಒಂದು ಕಿಟಕಿ, ಒಂದು ಕೆಟಲ್.
ಪಡುಬಿದ್ರಿಯ ಜನಾರ್ದನ ಸುವರ್ಣ, ಉಪ್ಪಿನಂಗಡಿಯ ಹಂಝ,
ಕಿನ್ನಿಗೋಳಿಯ ವಾಲ್ಟರ್, ನಾನು.
ಎಸಿ ಹದಿನೆಂಟೋ ಇಪ್ಪತ್ತೆರಡೋ, ಕ್ರಿಕೆಟ್ಟೋ ಕುಸ್ತಿಯೋ,
ಮೂರು ವರ್ಷದಲ್ಲಿ ಒಂದಕ್ಕೂ ಒಪ್ಪದ ಸುವರ್ಣ ಮತ್ತು ಹಂಝ
ಆ ರಾತ್ರಿ ಮೊದಲ ಸಲ ಒಪ್ಪಿದರು:
ಈ ಚಹಾ ಇನ್ನು ಬೇಡ.
ಒಬ್ಬನಿಗೆ ಜಾಹೀರಾತು ಬಂದದ್ದಕ್ಕೆ, ಒಬ್ಬನಿಗೆ ಹೋದದ್ದಕ್ಕೆ.
ಮೂರು ವರ್ಷ ಇಬ್ಬರೂ ಪುಕ್ಕಟೆ ಕುಡಿದ ಚಹಾ.
ವಾಲ್ಟರನಿಗೆ ಮೊದಲಿಂದಲೂ ಕಾಫಿ.
ನಾನೊಬ್ಬನೇ ಕಾಸಿ ನಾನೊಬ್ಬನೇ ಕುಡಿದೆ.
ರುಚಿ ಹಾಗೇ ಇತ್ತು. ತುಸು ಹೆಚ್ಚು ಒಗರು;
ಒಬ್ಬನಿಗೆ ಎಷ್ಟು ಪುಡಿ ಹಾಕಬೇಕೆಂದು ಮರೆತುಹೋಗಿತ್ತು.

ನಿನ್ನದು ಯಾವ ಪಕ್ಷ ಎಂದು ನೀವು ಕೇಳಬಹುದು.
ಹೆಸರು ಹೇಳಿದರೆ ನನ್ನನ್ನು ಯಾವ ಹಲಗೆಯಲ್ಲಿಡಬೇಕೆಂದು
ನಿಮಗೇ ಗೊತ್ತಾಗುತ್ತದೆ.
ಅದಕ್ಕೇ ಹೇಳಿಲ್ಲ.

ತಿಂಗಳ ಕೊನೆಗೆ ವಾಲ್ಟರ್ ಸೊಹಾರಿಗೆ ವರ್ಗವಾದ.
ಕೆಳಗೆ ದೀಪದ ಕಂಬಕ್ಕೆ ಅಂಟಿಸುವ ಚೀಟಿ
ಅಕ್ಷರ ದುಂಡಗಿದೆಯೆಂದು ನನ್ನ ಪಾಲಿಗೆ ಬಂತು.
ಆ ಕಂಬದ ತುಂಬ ಅಂಥವೇ:
ಇಂಥ ಭಾಷೆಯವರಿಗೆ, ಇಂಥ ಊಟದವರಿಗೆ,
ಇಂಥ ದೇವರ ಕಡೆಯವರಿಗೆ ಮಾತ್ರ.
ಮಂಚ ಖಾಲಿ ಇದೆ ಎಂದು ಬರೆದೆ. ಫೋನ್ ನಂಬರು ಬರೆದೆ.
ಕೆಳಗೆ ಎರಡು ಬೆರಳಿನಷ್ಟು ಜಾಗ ಉಳಿಯಿತು.
ಸುವರ್ಣ ಬಂದು ಬೆನ್ನ ಹಿಂದೆ ನಿಂತ. ಹಂಝನೂ.
ಯಾರೂ ಏನೂ ಹೇಳಲಿಲ್ಲ.
ಮಾರ್ಕರಿನ ಮುಚ್ಚಳ ತೆರೆದೇ ಇತ್ತು.
ಕೆಟಲ್ಲಿನ ನೀರು ಕುದಿದು
ತಾನಾಗಿಯೇ ಆಫ್ ಆಯಿತು.