ಸೊನ್ನೆಯ ಮೇಲಿನ ಒಂಬತ್ತು

ಇಪ್ಪತ್ತೊಂದು ವರ್ಷ ಬೋರ್ಡಿನ ಮೇಲೆ
ಅದನ್ನೇ ಬರೆದೆ:
ಸೊನ್ನೆಯ ಹತ್ತಿರ ಸಾಲ ಕೇಳಿ,
ಸೊನ್ನೆಗೆ ಅಡ್ಡಗೀಟು ಹೊಡೆದು,
ನೆತ್ತಿಯ ಮೇಲೊಂದು ಒಂಬತ್ತು ಕೂರಿಸಿ.
ಯಾಕೆಂದು ಯಾರೂ ಕೇಳಲಿಲ್ಲ. ನಾನೂ.

ಸೋಮವಾರ, ಮುನ್ನೂರ ಎರಡರಲ್ಲಿ
ನೂರ ಎಪ್ಪತ್ತೆಂಟು ಕಳೆಯುವಾಗ
ದುರ್ವಾ ಚೋಪ್ಡೇಕರ ಸ್ಲೇಟು ಕೆಳಗಿಟ್ಟು ಎದ್ದಳು.
"ತಾಚೆಕಡೆ ಕಾಯ್ ನಾ, ಟೀಚರ್.
ಅವನ ಹತ್ರವೇ ಏನಿಲ್ಲ, ಕೊಡೋದು ಎಂತದು?"
ಮೀನು ಮಾರುವವರ ಮನೆಯ ಹುಡುಗಿ,
ಇಲ್ಲದವರ ಲೆಕ್ಕ ಬಾಯಿಪಾಠ.
ಹತ್ತು ನಿಮಿಷ ಮೊದಲೇ ಗಂಟೆ ಹೊಡೆಸಿದೆ.

ಸಂಜೆ ಮಾಜಾಳಿಯ ದಂಡೆ.
ಬಲೆ ಒಣಗಿಸುವ ಕಂಬದ ಪಕ್ಕ ನಿಂತರೆ ಮಾತ್ರ
ಎರಡು ಕಡ್ಡಿ ಸಿಗ್ನಲ್, ಅದೂ ಆಚೆ ರಾಜ್ಯದ್ದು.
ಫೋನು ದಿನವೂ ನನ್ನನ್ನು ಗೋವಾಕ್ಕೆ ಸ್ವಾಗತಿಸುತ್ತದೆ,
ನಾನು ದಿನವೂ ಕಾರವಾರ ತಾಲೂಕಿನಲ್ಲೇ ಇರುತ್ತೇನೆ.

ಅದರೊಳಗೆ ಹದಿನಾಲ್ಕು ಪ್ರಮಾಣಪತ್ರಗಳಿವೆ.
ಗಣಿತ ಬೋಧನೆ, ಎಂಟು ತಾಸಿನ ತರಬೇತಿ:
ಅನ್ನ ಬೇಯುವಾಗ ವಿಡಿಯೋ ಓಡಲು ಬಿಟ್ಟು
ಮುಂದೆ, ಮುಂದೆ, ಮುಂದೆ ಎಂದು ಒತ್ತಿದ್ದು.
ಒಂದರಲ್ಲಿ ಮೋಹಿನಿ ತಾಂಡೇಲ ಹೋಗಿ
ಮೋಹನ ಆಗಿದ್ದೇನೆ. ತಿದ್ದಿಸಲಿಲ್ಲ.
ಕಲಿತವನು ಅವನೇ ಇರಬೇಕು.

ಜಿಲ್ಲೆಯ ಟೀಚರುಗಳ ಗುಂಪಿನಲ್ಲಿ ಇನ್ನೂರ ಹನ್ನೊಂದು ಜನ.
ಬೆಳಿಗ್ಗೆ ಹೂವು, ಮಧ್ಯಾಹ್ನ ಸುತ್ತೋಲೆ,
ಯಾರೋ ನಿವೃತ್ತರಾದರೆ ಮುಗಿದ ಕೈಗಳು.
ಅಲ್ಲಿ ಬರೆದೆ: ಸೊನ್ನೆಯ ಮೇಲೆ ಒಂಬತ್ತು ಯಾಕೆ?
ಅಳಿಸಿದೆ.
ಒಂದು ಮಗು ಕೇಳಿತು, ಎಂದು ಸೇರಿಸಿದೆ.
ಅದನ್ನೂ ಅಳಿಸಿದೆ.
ಎಂಟು ವರ್ಷದವಳ ಬೆನ್ನಿಗೆ ಅಡಗುವುದೇ?
ಕೊನೆಗೆ: ನನಗೆ ಗೊತ್ತಿಲ್ಲ, ಹೇಳಿ.
ಕಳಿಸಿದವಳೇ ಫೋನನ್ನು ಸೆರಗಿನಡಿ ಮುಚ್ಚಿದೆ,
ಬೆಕ್ಕು ಬಂದಾಗ ಬಾಂಗಡೆ ಮುಚ್ಚುವ ಹಾಗೆ.

ಕತ್ತಲಾಗುವಾಗ ಜೊಯಿಡಾದಿಂದ ಒಂದು ದನಿ.
ಮಾಬಳು ಕುಂಡಲಕರ, ಮುಖ ನೋಡಿದ್ದಿಲ್ಲ;
ಹಿಂದೆ ಎಮ್ಮೆಯ ಗಂಟೆ, ಯಾರದೋ ಕೆಮ್ಮು.
"ಬಾಯಿ, ಹೋದ ವರ್ಷದವರೆಗೆ ನನಗೂ ಗೊತ್ತಿರಲಿಲ್ಲ.
ಸೊನ್ನೆ ಏನೂ ಕೊಡೋದಿಲ್ಲ.
ಆಚೆಮನೆಯ ನೂರನ್ನು ಒಡೀರಿ.
ಹುಣಸೆಬೀಜ ಹರಡಿಕೊಂಡು ಕೂತ್ಕೊಳ್ಳಿ, ಕಾಣಿಸ್ತದೆ."

ನಮ್ಮಲ್ಲಿ ಬೀಜವಲ್ಲ, ತಿಸರೆ ಚಿಪ್ಪು.
ಹತ್ತು ಚಿಪ್ಪಿಗೆ ಒಂದು ಕರಟ,
ಹತ್ತು ಕರಟಕ್ಕೆ ಒಂದು ಬುಟ್ಟಿ.
ಮರುದಿನ ದುರ್ವಾ ಒಂದು ಬುಟ್ಟಿ ಬಿಚ್ಚಿದಳು,
ಒಂದು ಕರಟ ಬಿಡಿಚಿಪ್ಪುಗಳ ಮೇಲೆ ಸುರಿದಳು,
ಉಳಿದ ಕರಟಗಳನ್ನು ಬೆರಳಿಟ್ಟು ಎಣಿಸಿದಳು:
ಸಾತ್, ಆಟ್, ನೋವ್.
ನೆಲದ ಮೇಲೆ, ಮಕ್ಕಳ ಮಂಡಿಗಳ ನಡುವೆ
ಕೂತಿತ್ತು ನನ್ನ ಒಂಬತ್ತು,
ಸ್ವಲ್ಪ ನಾರುತ್ತ.

ಫೋಟೋ ಕಳಿಸಿದೆ. ಭಟ್ಕಳದ ಝುಬೇದಾ ಟೀಚರ್
ಒಂದೇ ಮಾತು ಕೇಳಿದರು:
ಕರಟ ಉರುಳದ ಹಾಗೆ ಏನು ಮಾಡಿದಿರಿ?
ಕೆಳಗೆ ಮರಳು, ಎಂದೆ.

ಇವತ್ತು ಊಟದ ಬಿಡುವಿನಲ್ಲಿ ದುರ್ವಾ:
"ಮೀನು ಬಂದ್ ಇರುವಾಗ
ಬುಟ್ಟಿಯೂ ಖಾಲಿ ಇರ್ತದಲ್ಲ, ಆಗ?"
ಅದು ಮುಂದಿನ ತರಗತಿಯ ಪಾಠ, ಎನ್ನಲು ಬಾಯಿ ತೆರೆದೆ.
ಮುಚ್ಚಿದೆ.

ಮತ್ತೆ ಕಂಬದ ಪಕ್ಕ ನಿಂತಿದ್ದೇನೆ.
ಗೋವಾ ಸ್ವಾಗತಿಸಿಯಾಯಿತು.
ಬರೆಯುತ್ತಿದ್ದೇನೆ,
ಕಾಗುಣಿತ ತಪ್ಪಿದೆ, ಇರಲಿ.