ಒಂದೇ ಹೂಂ

‘ಮಾತು ಹೋಗಿಲ್ರೀ, ಪುಣ್ಯಾ ಮಾಡೀರಿ’
ಅಂದರು ದೊಡ್ಡಾಸ್ಪತ್ರೆಯ ಡಾಕ್ಟರಮ್ಮ.
ಮಾತಿನ ಮನೆ ಮಿದುಳಿನ ಎಡಕ್ಕಂತೆ,
ರಕ್ತ ಕಟ್ಟಿದ್ದು ಬಲಕ್ಕೆ.
ಹಾಗಾದರೆ ಬಲಕ್ಕೇನಿರುತ್ತೆ ಮೇಡಂ, ಅಂದೆ.
ಅವರು ಮುಂದಿನ ಹಾಸಿಗೆಗೆ ಹೋಗಿಯಾಗಿತ್ತು.

ಬೇರೆ ದಿನವಾಗಿದ್ದರೆ ಇವರು
ಆ ‘ರೀ’ಯ ಬಾಲ ಹಿಡಿದು ಆಡಿ ತೋರಿಸಿ
ವಾರ್ಡನ್ನೇ ನಗಿಸುತ್ತಿದ್ದರು.
ಡಾಕ್ಟರು ಯಾವ ಕಡೆಯವರು ಗೊತ್ತಾಯ್ತಾ, ಅಂದೆ.
‘ಅವರು ಹೇಳಲಿಲ್ಲವಲ್ಲ.’

ಯೋಗಣ್ಣ ಅಂದರೆ ಹಾಸನದ ಯಾರ್ಡಿನಲ್ಲಿ
ಆಲೂಗೆಡ್ಡೆಗೇ ಬಾಯಿ ಬಂದ ಹಾಗೆ.
ಒಂದು ಸಾರಿ, ಎರಡು ಸಾರಿ,
ಮೂರಕ್ಕೆ ಮುಂಚೆ ಒಂದು ಎಳೆತ ಇತ್ತು.
ಆ ಎಳೆತದಲ್ಲಿ ಅರಕಲಗೂಡಿನ ರೈತ ಉಸಿರು ಹಿಡಿದಿರುತ್ತಿದ್ದ,
ಕೇರಳದ ವ್ಯಾಪಾರಿ ಬೇಡ ಬೇಡ ಅಂತಲೇ ಕೈ ಎತ್ತಿಬಿಡುತ್ತಿದ್ದ,
ಚೀಲಕ್ಕೆ ಹತ್ತು ರೂಪಾಯಿ ಏರುತ್ತಿತ್ತು.
ಆ ಹತ್ತು ರೂಪಾಯಿ ಯಾವ ಅಕ್ಷರದಲ್ಲಿತ್ತು?

ಈಗ ಮೂರೂ ಸಾರಿ ಒಂದೇ ಎತ್ತರ,
ರೂಲುದೊಣ್ಣೆ ಇಟ್ಟು ಗೆರೆ ಎಳೆದ ಹಾಗೆ.

ನಮ್ಮ ಮನೆಯಲ್ಲಿ ಹೂಂಗೆ ಹನ್ನೆರಡು ಅರ್ಥ.
ಆಯ್ತು ಅನ್ನೋ ಹೂಂ. ಆಗಲ್ಲ ಅನ್ನೋ ಹೂಂ.
ನನ್ನ ತಮ್ಮ ಸಾಲ ಕೇಳಿದಾಗ
ಮೂಗಿನಿಂದ ಹೊರಟು ಮೂಗಿಗೇ ವಾಪಸಾಗುವ ಹೂಂ.
ಕತ್ತಲಲ್ಲಿ, ನಿದ್ದೆ ಬಂತಾ ಅಂದರೆ,
ಇಲ್ಲ ಬಾ ಅನ್ನುವ ಹೂಂ.
ಹನ್ನೊಂದು ಆಸ್ಪತ್ರೆಯಲ್ಲೇ ಉಳಿದವು.

ತಲೆ ತಿನ್ಬೇಡಿ, ಅಂದೆ ಒಂದು ದಿನ.
‘ನಾನು ತಿಂದಿಲ್ಲ.’ ಮುಖ ಗಂಭೀರ.
ನಕ್ಕೆ. ಯಾಕೆ ನಗ್ತೀಯ, ಅಂದರು.
ಅದು ಕೇಳಿದ್ದೋ ಹೇಳಿದ್ದೋ ತಿಳಿಯಲಿಲ್ಲ,
ನಗು ಅರ್ಧಕ್ಕೇ ನಿಂತಿತು.

ಎಡ ಅನ್ನೋದೇ ಲೋಕದಲ್ಲಿ ಇಲ್ಲ ಇವರಿಗೆ.
ಬಲಗೆನ್ನೆ ಮಾತ್ರ ಬೋಳಿಸಿ ಮದುವೆಗೆ ಹೊರಟು ನಿಲ್ಲುತ್ತಾರೆ.
ಅರ್ಧ ಮುದ್ದೆ ತಿಂದು, ಹೊಟ್ಟೆ ತುಂಬಲಿಲ್ಲ ಅನ್ನುತ್ತಾರೆ.
ತಟ್ಟೆ ತಿರುಗಿಸಿ ಇಡುತ್ತೇನೆ.
‘ಓ, ಇನ್ನೂ ಇದೆ.’
ಯಾರೋ ತಮ್ಮ ಕೈ ಮಂಚದ ಮೇಲೆ ಬಿಟ್ಟು ಹೋಗಿದಾರೆ ನೋಡು
ಅಂತ ತಮ್ಮ ಎಡಗೈ ತೋರಿಸಿದ ರಾತ್ರಿ
ಆ ಕೈ ಹಿಡಿದುಕೊಂಡೇ ಮಲಗಿದೆ.
ಯಾರದಾದರೂ ಆಗಲಿ.

ಆಗಸ್ಟಿಗೆ ಹೊಸ ಗೆಡ್ಡೆ ಬಂತು. ಆಟೋದಲ್ಲಿ ಯಾರ್ಡಿಗೆ ಕರೆದೊಯ್ದೆ.
ಇವರ ಜಾಗದಲ್ಲಿ ಮುನಾವರ್, ಇವರೇ ಕಲಿಸಿದ ಹುಡುಗ.
ಕೂಗಿದ. ಅದೇ ಎಳೆತ.
ಇವರ ಗಂಟಲು ಇನ್ನೊಬ್ಬರ ಕುತ್ತಿಗೆಯಲ್ಲಿ!
ನನ್ನ ತೋಳಿನ ಕೂದಲು ಎದ್ದು ನಿಂತವು,
ಹಮಾಲರೆಲ್ಲ ತಿರುಗಿ ಇವರ ಮುಖ ನೋಡಿದರು.
‘ಚೆನ್ನಾಗಿ ಕೂಗ್ತಾನೆ. ಲೆಕ್ಕ ಎಲ್ಲೂ ತಪ್ಪಲಿಲ್ಲ.’

ಈಗ ನಾನು ಮೊದಲು ಹೆಸರು ಹೇಳಿ ಆಮೇಲೆ ಮಾತಾಡುತ್ತೇನೆ.
ಇದು ತಮಾಷೆ. ಇದು ಸಿಟ್ಟು, ಈಗ ಬೈತೀನಿ.
ಬೈತೀನಿ. ಮುಗೀತು, ಅಂತೀನಿ.
ಹೂಂ.

ಒಂದು ಮಾತ್ರ ಉಳಿದಿತ್ತು.
ಮೂವತ್ತೊಂದು ವರ್ಷ ಅದನ್ನು
ಊಟ ಆಯ್ತಾ ಅನ್ನೋದರೊಳಗೆ ಇಟ್ಟು ಕಳಿಸುತ್ತಿದ್ದೆ,
ಬುತ್ತಿಯ ತಳದಲ್ಲಿ ಮೊಟ್ಟೆ ಬಚ್ಚಿಟ್ಟ ಹಾಗೆ. ತಲುಪುತ್ತಿತ್ತು.
ಈಗ ಊಟ ಆಯ್ತಾ ಅಂದರೆ ಊಟ ಆಯ್ತಾ, ಅಷ್ಟೇ.
ಅದರ ಹೆಸರು ಸಿನಿಮಾದವರ ಹತ್ತಿರ ಇದೆ,
ನಮ್ಮಂಥವರ ಬಾಯಿಗೆ ಅಳತೆ ಆಗೋದಲ್ಲ.

ನಿನ್ನೆ ಬಾಗಿಲು ಹಾಕಿ, ಬಲಕ್ಕೆ ಬಂದು ಕೂತು
ಬಿಡಿಬಿಡಿಯಾಗಿ ಹೇಳಿಯೇಬಿಟ್ಟೆ. ಒಂದು ಸಾರಿ.
ಕಿವಿ ಬಿಸಿಯಾಯಿತು.
ಎರಡು ಸಾರಿ.
‘ಯಾರಿಗೆ?’ ಅಂದರು.
ನಿಮಗೆ ಕಣ್ರೀ.

ಮೂರನೆಯದನ್ನು ಕೂಗಲಿಲ್ಲ.